ಒಂದೇ ಸರ್ವರ್, ಮೂರು ಸಮಯ: ಲಿನಕ್ಸ್ ಲಾಗ್‌ನಲ್ಲಿ ಗಂಟೆ ತಪ್ಪುವುದೇಕೆ?

ಪ್ರಶ್ನೆ: ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೆಷಿನಿಂಗ್ ಘಟಕ. ಆಫೀಸಿನ ಕಂಪ್ಯೂಟರಿಗೆ ಉಬುಂಟು 22.04 ಹಾಕಿ ಸರ್ವರ್ ಮಾಡಿಕೊಂಡಿದ್ದೇವೆ. ಹಾಜರಾತಿ ಸಾಫ್ಟ್‌ವೇರ್ ಅದರಲ್ಲೇ ಡಾಕರ್ ಕಂಟೇನರ್ ಆಗಿ, ಅಂದರೆ ತನ್ನದೇ ಪ್ರತ್ಯೇಕ ಪೆಟ್ಟಿಗೆಯೊಳಗೆ, ಓಡುತ್ತದೆ. ಸಿಸಿಟಿವಿ ರೆಕಾರ್ಡರ್ ಕೂಡ ತನ್ನ ಲಾಗನ್ನು ಅದಕ್ಕೇ ಕಳಿಸುತ್ತದೆ. ಹಳೆಯ ಲೆಕ್ಕದ ಪ್ಯಾಕೇಜ್ ನೋಡಬೇಕಾದಾಗ ಅದೇ ಕಂಪ್ಯೂಟರನ್ನು ವಿಂಡೋಸ್‌ಗೆ ಬೂಟ್ ಮಾಡುತ್ತೇವೆ. ಮೊನ್ನೆ ಸಂಜೆಯೂ ಹಾಗೇ ಮಾಡಿದ್ದೆವು. ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ಉಬುಂಟು ಆನ್ ಮಾಡಿದಾಗ, ಗೋಡೆ ಗಡಿಯಾರ 9:11 ತೋರಿಸುವ ಹೊತ್ತಿಗೆ ಯಂತ್ರದ ಮುಖ್ಯ ಲಾಗ್ ಆದ ಸಿಸ್‌ಲಾಗ್‌ನಲ್ಲಿ 14:41 ಎಂದು ಬಿದ್ದಿದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ 9:12ಕ್ಕೆ ಇಳಿದಿದೆ. ಹಾಜರಾತಿ ಲಾಗ್ 9:11ರವರೆಗೂ ಸರಿಯಿದ್ದು, ಆಮೇಲೆ 3:42 ಆಗಿದೆ. ಆಗ ರೆಕಾರ್ಡರ್ 9:05 ಎನ್ನುತ್ತಿತ್ತು. ಒಬ್ಬ ಕೆಲಸಗಾರರ ಪಾಳಿ ಲೆಕ್ಕದಲ್ಲಿ ಇದರಿಂದ ತಕರಾರು ಎದ್ದಿದೆ. ಯಾವುದನ್ನು ನಂಬುವುದು? ಸರಿಮಾಡುವುದು ಹೇಗೆ? ಈಗಾಗಲೇ ಬಿದ್ದಿರುವ ಲಾಗನ್ನು ತಿದ್ದಬಹುದೇ?

ಉತ್ತರ: ವಿಷಯ ಒಬ್ಬರ ಕೂಲಿಯದ್ದಾದ್ದರಿಂದ ಮೊದಲು ಮಾಡಬಾರದ್ದನ್ನು ಹೇಳುತ್ತೇನೆ. ‘ಡೇಟ್ -ಎಸ್’ ಕೊಟ್ಟು ಗಡಿಯಾರ ತಿರುಗಿಸಬೇಡಿ. ಲಾಗ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ತಿದ್ದಬೇಡಿ. ಕಂಟೇನರನ್ನು ಅಳಿಸಿ ಹೊಸದಾಗಿ ಎಬ್ಬಿಸಬೇಡಿ. ಕಂಟೇನರ್ ಅಳಿದರೆ ಡಾಕರ್ ಇಟ್ಟುಕೊಂಡಿರುವ ಅದರ ಲಾಗ್ ಕೂಡ ಜೊತೆಗೇ ಹೋಗುತ್ತದೆ. /ವಾರ್/ಲಾಗ್ ಫೋಲ್ಡರನ್ನು ಪೂರ್ತಿ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ. ‘ಡಾಕರ್ ಲಾಗ್ಸ್ -ಟಿ’ ಮುಂದೆ ಕಂಟೇನರ್ ಹೆಸರು ಕೊಟ್ಟು ಬಂದದ್ದನ್ನೂ ಒಂದು ಫೈಲಿಗೆ ಇಳಿಸಿಕೊಳ್ಳಿ. ನಿಮಗೆ ಬೇಕಾದ ನಿಜವಾದ ಸಮಯ ಆ ಫೈಲುಗಳ ಒಳಗೇ ಇದೆ, ಹೊರಗೆ ತೆಗೆಯುವ ದಾರಿ ಮುಂದೆ ಬರುತ್ತದೆ. ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ವ್ಯತ್ಯಾಸ ಎಷ್ಟು, ಯಾವ ಕಡೆಗೆ?

ಲಾಗ್‌ನ ಸಮಯ ತಪ್ಪಿದಾಗ ಕೈ ಹಾಕುವ ಮೊದಲು ಅಳೆಯಬೇಕಾದ್ದು ಎರಡು: ಎಷ್ಟು ತಪ್ಪಿದೆ, ಮುಂದಕ್ಕೋ ಹಿಂದಕ್ಕೋ. ಮುಕ್ಕಾಲು ಪಾಲು ರೋಗ ಇಷ್ಟರಲ್ಲೇ ಗೊತ್ತಾಗುತ್ತದೆ. ಭಾರತದ ಸಮಯ ಯುಟಿಸಿಗಿಂತ, ಅಂದರೆ ಜಗತ್ತಿಗೆಲ್ಲ ಆಧಾರವಾದ ಪ್ರಮಾಣ ಸಮಯಕ್ಕಿಂತ, ಐದೂವರೆ ಗಂಟೆ ಮುಂದೆ. ಬೇಸಿಗೆಗೊಂದು ಚಳಿಗಾಲಕ್ಕೊಂದು ಎಂದು ಗಡಿಯಾರ ತಿರುಗಿಸುವ ಪದ್ಧತಿಯೂ ನಮ್ಮಲ್ಲಿಲ್ಲ. ಹಾಗಾಗಿ ಟೈಮ್‌ಝೋನ್ ತಪ್ಪಿದರೆ ಅಂತರ ಸೆಕೆಂಡಿನ ಲೆಕ್ಕದಲ್ಲಿ ಸರಿಯಾಗಿ 19,800 ಬರುತ್ತದೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಲಾಗ್ ಐದೂವರೆ ಗಂಟೆ ಹಿಂದಿದ್ದರೆ ಗಡಿಯಾರ ಸರಿಯಿದೆ, ಬರೆಯುವ ಪ್ರೋಗ್ರಾಂ ಯುಟಿಸಿಯಲ್ಲಿ ಬರೆಯುತ್ತಿದೆ ಎಂದರ್ಥ. ಐದೂವರೆ ಗಂಟೆ ಮುಂದಿದ್ದರೆ, ಆಗಲೇ ಭಾರತೀಯ ಸಮಯದಲ್ಲಿದ್ದ ಒಂದು ಲೆಕ್ಕವನ್ನು ಯಾರೋ ಯುಟಿಸಿ ಎಂದುಕೊಂಡು ಮತ್ತೆ 5:30 ಕೂಡಿಸಿದ್ದಾರೆ. ಹನ್ನೊಂದು ಗಂಟೆ ಹಿಂದಿದ್ದರೆ ಟೈಮ್‌ಝೋನ್ ಬರೆಯುವಾಗ ಕೂಡು-ಕಳೆ ಚಿಹ್ನೆ ಅದಲುಬದಲಾಗಿದೆ. ಅಮೆರಿಕದ ಪಶ್ಚಿಮ ಕರಾವಳಿಯ ಕಂಪನಿಗೆ ಕೆಲಸ ಮಾಡುವ ಬೆಂಗಳೂರಿನ ಆಫೀಸುಗಳಲ್ಲಿ ಹದಿಮೂರೂವರೆ ಗಂಟೆಯ ವ್ಯತ್ಯಾಸ ಕಾಣುವುದುಂಟು. ಅದು ಮಾರ್ಚ್‌ನಲ್ಲಿ ಹನ್ನೆರಡೂವರೆಗೆ ಇಳಿದು ನವೆಂಬರ್‌ನಲ್ಲಿ ಮತ್ತೆ ಏರುತ್ತದೆ, ಗಡಿಯಾರ ತಿರುಗಿಸುವುದು ಅವರ ಕಡೆ. ಕೆಲವು ಸೆಕೆಂಡು, ಕೆಲವು ನಿಮಿಷದ ತಪ್ಪಾದರೆ ಟೈಮ್‌ಝೋನ್‌ಗೂ ಅದಕ್ಕೂ ಸಂಬಂಧವಿಲ್ಲ. ಆ ಗಡಿಯಾರವನ್ನು ಯಾರೂ ಸರಿಹೊಂದಿಸುತ್ತಿಲ್ಲ, ಅಷ್ಟೇ. ಇಸವಿಯೇ ತಪ್ಪಿದ್ದರೆ ಮದರ್‌ಬೋರ್ಡ್‌ನ ಬ್ಯಾಟರಿ ನೋಡಿ.

ಈ ಲೆಕ್ಕದಲ್ಲಿ ನಿಮ್ಮಲ್ಲಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಮೂರು ತಪ್ಪುಗಳು. ಮುಂದೆ ಹೋದ ಸಿಸ್‌ಲಾಗ್, ಹಿಂದೆ ಬಿದ್ದ ಕಂಟೇನರ್, ಏಳು ನಿಮಿಷ ನಿಧಾನವಾದ ರೆಕಾರ್ಡರ್. ಒಂದೇ ಮದ್ದು ಮೂರಕ್ಕೂ ಹಿಡಿಯುವುದಿಲ್ಲ.

ಮೊದಲನೆಯದು: ಬೂಟ್ ಆದ ಕೂಡಲೇ ಐದೂವರೆ ಗಂಟೆ ಮುಂದೆ

ಕಂಪ್ಯೂಟರ್ ಆಫ್ ಇದ್ದಾಗಲೂ ಮದರ್‌ಬೋರ್ಡ್ ಮೇಲಿನ ಸಣ್ಣ ಗಡಿಯಾರ, ಅಂದರೆ ಆರ್‌ಟಿಸಿ, ಬ್ಯಾಟರಿಯಿಂದ ಓಡುತ್ತಿರುತ್ತದೆ. ಅದರಲ್ಲಿ ದಿನಾಂಕ, ಗಂಟೆ, ನಿಮಿಷ, ಸೆಕೆಂಡು ಮಾತ್ರ ಇರುತ್ತವೆ. ಅದು ಯಾವ ಊರಿನ ಸಮಯ ಎಂಬುದು ಅದಕ್ಕೇ ಗೊತ್ತಿಲ್ಲ. ಲಿನಕ್ಸ್ ಅದನ್ನು ಯುಟಿಸಿ ಎಂದು ಓದುತ್ತದೆ. ವಿಂಡೋಸ್ ಅದರಲ್ಲಿ ಸ್ಥಳೀಯ ಸಮಯವನ್ನೇ ಬರೆದಿಡುತ್ತದೆ. ಹಿಂದಿನ ಸಂಜೆ ವಿಂಡೋಸ್ ಬರೆದಿಟ್ಟ ಭಾರತೀಯ ಸಮಯವನ್ನು ಬೆಳಿಗ್ಗೆ ಉಬುಂಟು ಯುಟಿಸಿ ಎಂದು ಓದಿ, ತೋರಿಸುವಾಗ ಐದೂವರೆ ಕೂಡಿಸಿ 14:41 ಎಂದಿತು. ಬ್ಯಾಟರಿ ಹಾಕಿಸಿದ ಮೇಲೆ ಬಯಾಸ್‌ನಲ್ಲಿ ಕೈಗಡಿಯಾರ ನೋಡಿ ಸಮಯ ತುಂಬಿದರೂ ಇದೇ ಫಲ.

ಆಮೇಲೆ ತಾನಾಗಿ ಸರಿಹೋದದ್ದೇಕೆ? ಉಬುಂಟುವಿನ ಸಿಸ್ಟಂಡಿ-ಟೈಮ್‌ಸಿಂಕ್‌ಡಿ ಇಂಟರ್ನೆಟ್ ಸಿಕ್ಕ ಕೂಡಲೇ ಎನ್‌ಟಿಪಿ ಸರ್ವರನ್ನು (ನೆಟ್‌ವರ್ಕ್ ಮೂಲಕ ಸರಿಯಾದ ಸಮಯ ಹೇಳುವ ಸರ್ವರ್) ಕೇಳಿ ಗಡಿಯಾರವನ್ನು ಒಂದೇ ಏಟಿಗೆ ಸರಿಯಾದ ಜಾಗಕ್ಕೆ ತಂದಿತು. ಕರೆಂಟ್ ಬಂದ ಮೇಲೆ ಫೈಬರ್ ಮೋಡೆಮ್ ಮತ್ತು ರೂಟರ್ ಎದ್ದು ನಿಲ್ಲಲು ಕೆಲವು ನಿಮಿಷ ಬೇಕು. ಅಷ್ಟು ಹೊತ್ತು ಸರ್ವರ್ ಆರ್‌ಟಿಸಿಯನ್ನೇ ನಂಬಿ ಕೂತಿತ್ತು, ಆ ನಿಮಿಷಗಳ ಲಾಗ್ ಕೆಟ್ಟಿತು. ಗಡಿಯಾರ ಹಿಂದಕ್ಕೆ ಜಿಗಿದಾಗ ಉಬುಂಟುವಿನಲ್ಲಿ ಲಾಗ್ ಸಂಗ್ರಹಿಸುವ ಜರ್ನಲ್‌ಡಿ ಅದನ್ನು ಗುರುತಿಸಿ, ಸಮಯ ಹಿಂದಕ್ಕೆ ಹೋಯಿತು, ಫೈಲ್ ಬದಲಿಸುತ್ತಿದ್ದೇನೆ ಎಂಬರ್ಥದ ಸಾಲು ಹಾಕಿರುತ್ತದೆ. ‘ಟೈಮ್ ಜಂಪ್ಡ್ ಬ್ಯಾಕ್‌ವರ್ಡ್ಸ್’ ಎಂದು ಹುಡುಕಿ. ಆ ಸಾಲು ಸಿಕ್ಕಿದರೆ ಈ ನಿದಾನ ಖಚಿತ.

ಇನ್ನೂ ಅನುಮಾನವಿದ್ದರೆ, ಮುಂದಿನ ಸಲ ವಿಂಡೋಸ್‌ನಿಂದ ಬಂದ ತಕ್ಷಣ ‘ಟೈಮ್‌ಡೇಟ್‌ಸಿಟಿಎಲ್’ ಕೊಡಿ. ಮೂರು ಸಾಲು ಮುಖ್ಯ. ಇಂಟರ್ನೆಟ್‌ನಿಂದ ಸಮಯ ಹೊಂದಿಕೊಂಡ ಮೇಲೆ ನೋಡಿದರೆ ಹೀಗಿರುತ್ತದೆ:

ಲೋಕಲ್ ಟೈಮ್: 09:12
ಯೂನಿವರ್ಸಲ್ ಟೈಮ್: 03:42
ಆರ್‌ಟಿಸಿ ಟೈಮ್: 09:12

ಆರ್‌ಟಿಸಿ ಸಾಲು ಯೂನಿವರ್ಸಲ್ ಸಾಲಿಗೆ ಹೊಂದಬೇಕಿತ್ತು, ಲೋಕಲ್‌ಗೆ ಹೊಂದಿದೆ. ಆದರೆ ಬೇಗ ನೋಡಬೇಕು. ಎನ್‌ಟಿಪಿ ಹೊಂದಿಕೊಂಡಿದ್ದರೆ ಕರ್ನಲ್ ಸುಮಾರು 11 ನಿಮಿಷಕ್ಕೊಮ್ಮೆ ಸರಿಯಾದ ಸಮಯವನ್ನು ಆರ್‌ಟಿಸಿಗೆ ಬರೆಯುತ್ತದೆ. ಮಧ್ಯಾಹ್ನ ನಿಧಾನವಾಗಿ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಮುಂದಿನ ವಿಂಡೋಸ್ ಬೂಟ್‌ವರೆಗೆ.

ಇದಕ್ಕೆ ಎರಡು ಪರಿಹಾರ ಹೇಳುತ್ತಾರೆ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಟ್ಟು ಲಿನಕ್ಸನ್ನೇ ವಿಂಡೋಸ್ ದಾರಿಗೆ ತರುವುದು ಒಂದು. ಸುಲಭ, ಆದರೆ ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಟೈಮ್‌ಸಿಂಕ್‌ಡಿ ಆ 11 ನಿಮಿಷದ ಬರವಣಿಗೆಯನ್ನು ನಿಲ್ಲಿಸುತ್ತದೆ, ಆರ್‌ಟಿಸಿ ದಿನದಿಂದ ದಿನಕ್ಕೆ ಜಾರುತ್ತದೆ. ಈ ಆಯ್ಕೆ ಮಾಡಿದರೆ ಸಿಸ್ಟಂಡಿಯೇ ಎಚ್ಚರಿಕೆ ಕೊಡುತ್ತದೆ. ಸರ್ವರ್ ಕೆಲಸ ಮಾಡುವ ಯಂತ್ರದಲ್ಲಿ ಆರ್‌ಟಿಸಿ ಯುಟಿಸಿಯಲ್ಲೇ ಇರಲಿ, ವಿಂಡೋಸ್ ಬದಲಾಗಲಿ. ವಿಂಡೋಸ್‌ನ ರಿಜಿಸ್ಟ್ರಿ ಎಡಿಟರ್‌ನಲ್ಲಿ ಲೋಕಲ್ ಮೆಷಿನ್, ಸಿಸ್ಟಂ, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಟೈಮ್‌ಝೋನ್‌ಇನ್‌ಫರ್ಮೇಷನ್ ಎಂಬ ದಾರಿಯಲ್ಲಿ ಇಳಿದು, ಅಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಹೆಸರಿನ ಡಿವರ್ಡ್ ಮಾಡಿ ಬೆಲೆ 1 ಕೊಡಿ. ಹೆಸರಿನ ನಡುವೆ ಖಾಲಿ ಜಾಗ ಇರಬಾರದು. ಬಳಿಕ ಉಬುಂಟುಗೆ ಬಂದು ‘ಸುಡೋ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 0’, ನಂತರ ‘ಸುಡೋ ಎಚ್‌ಡಬ್ಲ್ಯೂಕ್ಲಾಕ್ --ಸಿಸ್‌ಟುಎಚ್‌ಸಿ’. ಎರಡನೆಯದನ್ನು ಎನ್‌ಟಿಪಿ ಹೊಂದಿಕೊಂಡಿದೆ ಎಂದು ಖಚಿತಪಡಿಸಿಕೊಂಡ ಮೇಲೇ ಕೊಡಿ, ಇಲ್ಲದಿದ್ದರೆ ತಪ್ಪು ಸಮಯವನ್ನೇ ಬ್ಯಾಟರಿ ಗಡಿಯಾರಕ್ಕೆ ಅಚ್ಚೊತ್ತಿದಂತಾಗುತ್ತದೆ.

ಕೈ ಹಾಕಿದ್ದೇ ಆದರೆ ಬ್ಯಾಟರಿಯನ್ನೂ ನೋಡಿಬಿಡಿ. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಸಿಆರ್2032, ನಾಣ್ಯದ ಆಕಾರದ್ದು, 3 ವೋಲ್ಟ್. ಮಲ್ಟಿಮೀಟರ್‌ನಲ್ಲಿ 2.8ಕ್ಕಿಂತ ಕೆಳಗೆ ತೋರಿಸಿದರೆ ಬದಲಿಸಿ. ಎಸ್.ಪಿ. ರೋಡಿನ ಯಾವ ಅಂಗಡಿಯಲ್ಲೂ ಸಿಗುತ್ತದೆ. ಪ್ಯಾಕೆಟ್ ಒಡೆಯದ, ಒಳ್ಳೆಯ ಕಂಪನಿಯದ್ದನ್ನೇ ತನ್ನಿ. ಯಂತ್ರದ ಪವರ್ ಕೇಬಲ್ ಎಳೆದಿಟ್ಟು ಕೆಲಸ ಮಾಡಿ. ಬ್ಯಾಟರಿ ಸತ್ತಿದ್ದರೆ ಲಕ್ಷಣ ಬೇರೆ: ಸಮಯ ಐದೂವರೆ ಗಂಟೆ ಅಲ್ಲ, ವರ್ಷಗಳಷ್ಟು ಹಿಂದಿರುತ್ತದೆ.

ಎರಡನೆಯದು: ಕಂಟೇನರ್

ಕಂಟೇನರಿಗೆ ಸ್ವಂತ ಗಡಿಯಾರ ಇಲ್ಲ. ಕೆಳಗಿನ ಲಿನಕ್ಸ್‌ನ ಗಡಿಯಾರವನ್ನೇ ಓದುತ್ತದೆ, ಟೈಮ್‌ಝೋನ್ ಮಾತ್ರ ತನ್ನದೇ. ಇಮೇಜ್ (ಕಂಟೇನರ್ ತಯಾರಾಗುವ ಅಚ್ಚು) ಮಾಡಿದವರು ಬೇರೆ ಏನೂ ಹೇಳದಿದ್ದರೆ ಅದು ಯುಟಿಸಿ. 9:12 ಆದಾಗ 3:42 ಬಿದ್ದದ್ದು ಅದಕ್ಕೇ.

ಈಗ ನಿಮ್ಮ ಪ್ರಶ್ನೆಯ ಅತಿ ಮುಖ್ಯ ಜಾಗಕ್ಕೆ ಬನ್ನಿ. ಹಾಜರಾತಿ ಲಾಗ್ 9:11ರವರೆಗೆ ಸರಿಯಿತ್ತು, ಆಮೇಲೆ ಕೆಟ್ಟಿತು ಎಂದಿರಿ. ನಡೆದದ್ದು ತಿರುಗುಮುರುಗು. ಆ ಮೊದಲ ನಿಮಿಷಗಳಲ್ಲಿ ಕೆಳಗಿನ ಗಡಿಯಾರ ಐದೂವರೆ ಗಂಟೆ ಮುಂದಿತ್ತು, ಕಂಟೇನರ್ ಐದೂವರೆ ಗಂಟೆ ಹಿಂದೆ ತೋರಿಸುತ್ತಿತ್ತು. ಎರಡು ತಪ್ಪು ಒಂದನ್ನೊಂದು ಕಳೆದು ಸರಿಯಾದ ಉತ್ತರ ಬಂದಂತೆ ಕಂಡಿತು. ಎನ್‌ಟಿಪಿ ಗಡಿಯಾರ ಸರಿಮಾಡಿದ ಮೇಲೆ ಕಂಟೇನರ್‌ನ ತಪ್ಪು ಮಾತ್ರ ಉಳಿದು ಬಯಲಾಯಿತು. ಆದ್ದರಿಂದ ಆ ದಿನದ ಹಾಜರಾತಿ ಲಾಗ್‌ಗೆ ಕಣ್ಣುಮುಚ್ಚಿ ಐದೂವರೆ ಕೂಡಿಸಿದರೆ ಜಿಗಿತಕ್ಕೆ ಮುಂಚೆ ಪಂಚ್ ಮಾಡಿದವರೆಲ್ಲ ಮಧ್ಯಾಹ್ನ ಬಂದವರಾಗಿಬಿಡುತ್ತಾರೆ. ಜಿಗಿತದ ಮುಂಚಿನ ಸಾಲುಗಳಿಗೆ ಏನೂ ಕೂಡಿಸಬಾರದು, ನಂತರದವಕ್ಕೆ 5:30 ಕೂಡಿಸಬೇಕು. ತಕರಾರು ಇರುವ ಪಂಚ್ ಜಿಗಿತದ ಯಾವ ಬದಿಗಿದೆ ಎಂಬುದೇ ನಿರ್ಣಾಯಕ. ಸಾಫ್ಟ್‌ವೇರ್ ತನ್ನ ಡೇಟಾಬೇಸ್‌ನಲ್ಲಿ ಇಟ್ಟ ಸಮಯಕ್ಕೂ ಇದೇ ಲೆಕ್ಕ ಹಾಕಿ ನೋಡಬೇಕು, ಏಕೆಂದರೆ ಅದು ಓದಿದ್ದು ಅದೇ ಗಡಿಯಾರವನ್ನು. ಪಂಚ್ ಯಂತ್ರವೇ ಸಮಯ ಹಾಕಿ ಕಳಿಸುವ ಬಗೆಯದ್ದಾದರೆ ಆ ಯಂತ್ರದ ಗಡಿಯಾರ ಬೇರೆಯದೇ, ಅದನ್ನು ಪ್ರತ್ಯೇಕವಾಗಿ ಹೋಲಿಸಿ.

ಸರಿಮಾಡಲು ಕಂಟೇನರಿನ ಸೆಟ್ಟಿಂಗ್ ಬರೆದಿರುವ ಕಂಪೋಸ್ ಫೈಲಿನ ಎನ್ವಿರಾನ್‌ಮೆಂಟ್ ಭಾಗದಲ್ಲಿ ‘ಟಿಝಡ್’ ಎಂಬ ವೇರಿಯಬಲ್‌ಗೆ ‘ಏಷ್ಯಾ/ಕೋಲ್ಕತಾ’ ಕೊಡಿ. ಟಿಝಡ್ ದೊಡ್ಡಕ್ಷರದಲ್ಲಿ, ಊರಿನ ಹೆಸರುಗಳ ಮೊದಲ ಅಕ್ಷರವೂ ದೊಡ್ಡದು. ‘ಡಾಕರ್ ಕಂಪೋಸ್ ರೀಸ್ಟಾರ್ಟ್’ ಸಾಲದು, ಅದು ಫೈಲಿನ ಹೊಸ ಬದಲಾವಣೆ ಓದುವುದಿಲ್ಲ. ‘ಡಾಕರ್ ಕಂಪೋಸ್ ಅಪ್ -ಡಿ’ ಕೊಡಬೇಕು. ಇದು ಹಳೆ ಕಂಟೇನರ್ ಅಳಿಸಿ ಹೊಸದು ಮಾಡುತ್ತದೆ. ಲಾಗ್ ಮೊದಲೇ ಇಳಿಸಿಕೊಳ್ಳಿ ಎಂದದ್ದು ಇದಕ್ಕೇ.

ಕೊಟ್ಟರೂ ಬದಲಾಗದಿದ್ದರೆ ಇಮೇಜ್‌ನೊಳಗೆ ಟೈಮ್‌ಝೋನ್ ಕಡತಗಳೇ ಇಲ್ಲದಿರಬಹುದು. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಮೇಲೆ ಕಟ್ಟಿದ ಇಮೇಜ್‌ಗಳಲ್ಲಿ ‘ಟಿಝಡ್‌ಡೇಟಾ’ ಪ್ಯಾಕೇಜ್ ಬೇರೆಯಾಗಿ ಹಾಕಬೇಕು. ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ: ಟಿಝಡ್‌ಗೆ ‘ಐಎಸ್‌ಟಿ’ ಎಂದಷ್ಟೇ ಕೊಡುವುದು. ಆ ಹೆಸರಿನ ಕಡತ ಇಲ್ಲದ್ದರಿಂದ ಅದು ಯುಟಿಸಿ ಸಮಯವನ್ನೇ ತೋರಿಸಿ ಮುಂದೆ ‘ಐಎಸ್‌ಟಿ’ ಎಂಬ ಹಣೆಪಟ್ಟಿ ಅಂಟಿಸುತ್ತದೆ. ಎರರ್ ಬರುವುದಿಲ್ಲ. ‘ಐಎಸ್‌ಟಿ+5:30’ ಎಂದು ಕೊಟ್ಟರೆ ಇನ್ನೂ ಕೆಡುತ್ತದೆ. ಈ ಬರಹದ ನಿಯಮದಲ್ಲಿ ಕೂಡು ಚಿಹ್ನೆ ಎಂದರೆ ಗ್ರೀನಿಚ್‌ಗೆ ಪಶ್ಚಿಮ. ಯುಟಿಸಿಗಿಂತ ಐದೂವರೆ ಹಿಂದೆ ಹೋಗಿ, ನಮ್ಮ ಸಮಯಕ್ಕೆ ಹನ್ನೊಂದು ಗಂಟೆ ಹಿಂದೆ ಬೀಳುತ್ತದೆ. ಯಾವಾಗಲೂ ಏಷ್ಯಾ/ಕೋಲ್ಕತಾ ಎಂದೇ ಬರೆಯಿರಿ. ಪರೀಕ್ಷೆಗೆ ‘ಡಾಕರ್ ಎಕ್ಸೆಕ್’ ಮೂಲಕ ಒಳಗೆ ‘ಡೇಟ್’ ಓಡಿಸಿ, ಗಂಟೆಯನ್ನು ಗೋಡೆ ಗಡಿಯಾರಕ್ಕೆ ಹೋಲಿಸಿ. ಹಣೆಪಟ್ಟಿಯನ್ನು ನಂಬಬೇಡಿ.

ಕೆಲವು ಸಾಫ್ಟ್‌ವೇರ್ ಇದನ್ನೂ ಕೇಳುವುದಿಲ್ಲ. ಮೈಎಸ್‌ಕ್ಯೂಎಲ್ 5.7ರಿಂದ ಎರರ್ ಲಾಗ್ ಯುಟಿಸಿಯಲ್ಲೇ ಬರೆಯುತ್ತದೆ, ‘ಲಾಗ್_ಟೈಮ್‌ಸ್ಟ್ಯಾಂಪ್ಸ್’ಗೆ ‘ಸಿಸ್ಟಂ’ ಕೊಡಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ‘ಲಾಗ್_ಟೈಮ್‌ಝೋನ್’, ಪಿಎಚ್‌ಪಿಯಲ್ಲಿ ‘ಡೇಟ್.ಟೈಮ್‌ಝೋನ್’, ಜಾವಾದಲ್ಲಿ ‘ಯೂಸರ್.ಟೈಮ್‌ಝೋನ್’ ಬೇರೆ ಬೇರೆ ಇವೆ.

ಮೂರನೆಯದು: ರೆಕಾರ್ಡರಿನ ಏಳು ನಿಮಿಷ

ಇಲ್ಲಿ ನಿಗೂಢವೇನಿಲ್ಲ. ಸಾಧಾರಣ ಕ್ವಾರ್ಟ್ಝ್ ಗಡಿಯಾರ ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದರೂ ದಿನಕ್ಕೆ 1.7 ಸೆಕೆಂಡು, ವರ್ಷಕ್ಕೆ ಸುಮಾರು ಹತ್ತು ನಿಮಿಷ ಜಾರುತ್ತದೆ. ನಿಮ್ಮ ರೆಕಾರ್ಡರಿಗೆ ಎನ್‌ಟಿಪಿ ಹಾಕಿಲ್ಲ. ಅದು ತನ್ನ ಸಮಯವನ್ನು ಸಾಲಿಗೆ ಸೇರಿಸಿ ಕಳಿಸುತ್ತದೆ, ಸಿಸ್‌ಲಾಗ್ ಫೈಲು ಬರೆಯುವ ಪ್ರೋಗ್ರಾಂ ಆದ ಆರ್‌ಸಿಸ್‌ಲಾಗ್ ಅದನ್ನು ಹಾಗೇ ಬರೆಯುತ್ತದೆ.

ಆದರೆ ಸಾಲು ತನ್ನ ಕೈಗೆ ಬಂದ ಸಮಯವೂ ಆರ್‌ಸಿಸ್‌ಲಾಗ್‌ಗೆ ಗೊತ್ತಿರುತ್ತದೆ. ಕಳಿಸಿದವರು ಹೇಳಿದ ಸಮಯದ ಹೆಸರು ‘ಟೈಮ್‌ರಿಪೋರ್ಟೆಡ್’, ಬಂದು ತಲುಪಿದ ಸಮಯದ್ದು ‘ಟೈಮ್‌ಜನರೇಟೆಡ್’. ಹೊರಗಿನ ಸಾಧನಗಳ ಲಾಗ್‌ಗೆ ಒಂದು ಟೆಂಪ್ಲೇಟ್ ಮಾಡಿ ಎರಡನ್ನೂ ಪಕ್ಕಪಕ್ಕ ಬರೆಸಿ. ನಾಳೆ ಬೇರೊಂದು ಕ್ಯಾಮೆರಾ, ಪ್ರಿಂಟರ್, ಸ್ವಿಚ್ ಸೇರಿದರೂ ಯಾವುದು ಎಷ್ಟು ಜಾರಿದೆ ಎಂಬುದು ಲಾಗ್ ನೋಡಿದರೇ ತಿಳಿಯುತ್ತದೆ.

ಇಡೀ ಘಟಕಕ್ಕೆ ಒಂದೇ ಸಮಯ ಬೇಕೆಂದರೆ ಸರ್ವರನ್ನೇ ಎನ್‌ಟಿಪಿ ಸರ್ವರ್ ಮಾಡಿ. ಟೈಮ್‌ಸಿಂಕ್‌ಡಿ ಸಮಯ ಕೇಳುತ್ತದೆ, ಹಂಚುವುದಿಲ್ಲ. ‘ಸುಡೋ ಆಪ್ಟ್ ಇನ್‌ಸ್ಟಾಲ್ ಕ್ರೋನಿ’ ಕೊಟ್ಟರೆ ಅದರ ಜಾಗಕ್ಕೆ ಕ್ರೋನಿ ಬರುತ್ತದೆ. /ಇಟಿಸಿ/ಕ್ರೋನಿ/ಕ್ರೋನಿ.ಕಾನ್ಫ್ ಫೈಲಿನಲ್ಲಿ ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಟೈಮ್.ಎನ್‌ಪಿಎಲ್‌ಇಂಡಿಯಾ.ಆರ್ಗ್, ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ಸಮಯ್1.ಎನ್‌ಐಸಿ.ಇನ್ ಮತ್ತು ಸಮಯ್2.ಎನ್‌ಐಸಿ.ಇನ್, ಹೀಗೆ ಮೂರನ್ನು ‘ಸರ್ವರ್’ ಎಂದು, ಸಾಲಿನ ಕೊನೆಗೆ ‘ಐಬರ್ಸ್ಟ್’ ಸೇರಿಸಿ ಬರೆಯಿರಿ. ಭಾರತೀಯ ಸಮಯವನ್ನು ಅಧಿಕೃತವಾಗಿ ಕಾಯುವುದು ಆ ಪ್ರಯೋಗಾಲಯವೇ. ಎರಡೇ ಮೂಲ ಇಟ್ಟು, ಅವುಗಳಲ್ಲಿ ಒಂದು ತಪ್ಪು ಹೇಳಿದರೆ ಯಾವುದು ತಪ್ಪು ಎಂದು ಕ್ರೋನಿಗೆ ತೀರ್ಮಾನಿಸಲು ಆಗುವುದಿಲ್ಲ. ಮೂರು ಕನಿಷ್ಠ, ನಾಲ್ಕಿದ್ದರೆ ಒಳ್ಳೆಯದು.

ಅದೇ ಫೈಲಿನಲ್ಲಿ ‘ಅಲೌ 192.168.1.0/24’ ಎಂದು ನಿಮ್ಮ ಆಫೀಸಿನ ನೆಟ್‌ವರ್ಕ್‌ಗೆ ತಕ್ಕ ಸಂಖ್ಯೆ ಹಾಕಿ. ‘ಲೋಕಲ್ ಸ್ಟ್ರೇಟಂ 10’ ಸೇರಿಸಿದರೆ ಇಂಟರ್ನೆಟ್ ಇಲ್ಲದಾಗಲೂ ರೆಕಾರ್ಡರಿಗೆ ಸಮಯ ಸಿಗುತ್ತಿರುತ್ತದೆ. ‘ಆರ್‌ಟಿಸಿಸಿಂಕ್’ ಎಂಬ ಸಾಲು ಇದೆಯೇ ನೋಡಿ, ಬ್ಯಾಟರಿ ಗಡಿಯಾರಕ್ಕೆ ಸಮಯ ಬರೆಸುವುದು ಅದು. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಓಡುತ್ತಿದ್ದರೆ ಯುಡಿಪಿ 123 ತೆರೆಯಿರಿ. ಆಮೇಲೆ ರೆಕಾರ್ಡರಿನ ಮೆನುವಿನಲ್ಲಿ ಎನ್‌ಟಿಪಿ ವಿಳಾಸವಾಗಿ ಸರ್ವರಿನ ಐಪಿ, ಟೈಮ್‌ಝೋನ್ ಆಗಿ ಜಿಎಂಟಿ+5:30 ಕೊಡಿ. ಸಾಮಾನ್ಯವಾಗಿ ಇಂಥ ಮೆನುಗಳಲ್ಲಿ ಕೂಡು ಚಿಹ್ನೆಗೆ ನಾವೆಲ್ಲ ಅಂದುಕೊಳ್ಳುವ ಅರ್ಥವೇ ಇರುತ್ತದೆ, ಟಿಝಡ್‌ನ ತಿರುವು ಇಲ್ಲಿಲ್ಲ.

‘ಕ್ರೋನಿಸಿ ಸೋರ್ಸಸ್’ ಕೊಟ್ಟಾಗ ಒಂದು ಸಾಲಿನ ಮುಂದೆ ನಕ್ಷತ್ರ ಇರಬೇಕು, ರೀಚ್ ಕಾಲಂ ಏರುತ್ತಾ 377ಕ್ಕೆ ನಿಲ್ಲಬೇಕು. ಅದು ಎಂಟರ ಮೂಲದ ಸಂಖ್ಯೆ, ಕಳೆದ ಎಂಟೂ ವಿಚಾರಣೆಗೆ ಉತ್ತರ ಬಂದಿದೆ ಎಂದರ್ಥ. 0 ಆಗಿಯೇ ಉಳಿದರೆ ಹೊರಗೆ ಹೋಗುವ ಯುಡಿಪಿ 123 ಅನ್ನು ಯಾವುದೋ ಫೈರ್‌ವಾಲ್ ತಡೆದಿರಬಹುದು.

ಕೆಟ್ಟ ಲಾಗ್‌ನಿಂದ ನಿಜವಾದ ಸಮಯ

ಜರ್ನಲ್‌ಡಿ ಪ್ರತಿ ಸಾಲಿಗೂ ಎರಡು ಸಮಯ ಬರೆಯುತ್ತದೆ. ಒಂದು ಗೋಡೆ ಗಡಿಯಾರದ್ದು, ಯುಟಿಸಿಯಲ್ಲಿ. ಇನ್ನೊಂದು ಮಾನೊಟೋನಿಕ್, ಅಂದರೆ ಯಂತ್ರ ಎದ್ದಾಗಿನಿಂದ ಎಷ್ಟು ಸೆಕೆಂಡಾಯಿತು ಎಂಬುದು. ಗೋಡೆ ಗಡಿಯಾರ ಎಷ್ಟೇ ಜಿಗಿದರೂ ಎರಡನೆಯದು ಜಿಗಿಯುವುದಿಲ್ಲ.

ಮೊದಲು ‘ಜರ್ನಲ್‌ಸಿಟಿಎಲ್ --ಲಿಸ್ಟ್-ಬೂಟ್ಸ್’ ಕೊಟ್ಟು ಆ ಬೆಳಗಿನ ಬೂಟ್‌ನ ಸಂಖ್ಯೆ ನೋಡಿ. ಅದು -3 ಆಗಿದ್ದರೆ ‘ಜರ್ನಲ್‌ಸಿಟಿಎಲ್ -ಬಿ -3 -ಓ ಶಾರ್ಟ್-ಮಾನೊಟೋನಿಕ್’ ಒಂದು ಫೈಲಿಗೆ, ‘-ಓ ಶಾರ್ಟ್-ಪ್ರಿಸೈಸ್’ ಇನ್ನೊಂದು ಫೈಲಿಗೆ ಇಳಿಸಿ. ಟೈಮ್‌ಸಿಂಕ್‌ಡಿ ಮೊದಲ ಸಲ ಸಮಯ ಹೊಂದಿಸಿಕೊಂಡ ಸಾಲನ್ನು ಎರಡರಲ್ಲೂ ಹುಡುಕಿ, ಅದರಲ್ಲಿ ‘ಇನಿಶಿಯಲ್’ ಎಂಬ ಪದ ಇರುತ್ತದೆ. ಆ ಸಾಲು ನಿಮ್ಮ ಆಧಾರ.

ಉದಾಹರಣೆಗೆ ಆಧಾರದ ಸಾಲು ಗೋಡೆ ಗಡಿಯಾರದಲ್ಲಿ 09:12:05.000, ಮಾನೊಟೋನಿಕ್‌ನಲ್ಲಿ 212.300 ಎಂದಿಟ್ಟುಕೊಳ್ಳಿ. ನಿಮಗೆ ಬೇಕಾದ ಸಾಲು 14:38:53.820 ಎನ್ನುತ್ತದೆ, ಅದರ ಮಾನೊಟೋನಿಕ್ 21.120. ಕಳೆದರೆ 191.180 ಸೆಕೆಂಡು, ಅಂದರೆ 3 ನಿಮಿಷ 11.180 ಸೆಕೆಂಡು ಮುಂಚಿನದು. ನಿಜವಾದ ಸಮಯ 09:08:53.820. ಸುಮ್ಮನೆ 5:30 ಕಳೆದರೂ ಇದೇ ಬರುತ್ತದೆಯಲ್ಲ ಎನ್ನಬಹುದು. ಈ ಉದಾಹರಣೆಯಲ್ಲಿ ಬಂತು, ಏಕೆಂದರೆ ಆರ್‌ಟಿಸಿ ಸೆಕೆಂಡಿನವರೆಗೂ ಸರಿಯಿತ್ತೆಂದು ಇಟ್ಟುಕೊಂಡಿದ್ದೇವೆ. ಆರ್‌ಟಿಸಿ ತಾನೂ ಎರಡು ನಿಮಿಷ ಜಾರಿದ್ದರೆ 5:30ರ ಲೆಕ್ಕ ಎರಡು ನಿಮಿಷ ತಪ್ಪುತ್ತದೆ, ಮಾನೊಟೋನಿಕ್ ಲೆಕ್ಕ ತಪ್ಪುವುದಿಲ್ಲ. ಪಾಳಿಗೆ ತಡವಾಯಿತೇ ಇಲ್ಲವೇ ಎಂಬ ತಕರಾರಿನಲ್ಲಿ ಎರಡು ನಿಮಿಷ ಸಣ್ಣದಲ್ಲ. ಕಂಟೇನರ್ ಲಾಗ್‌ನ ಮೊದಲ ನಿಮಿಷಗಳಿಗೆ 5:30 ಕೂಡಿಸಿ, ಇಲ್ಲಿ ಸಿಕ್ಕ ವ್ಯತ್ಯಾಸವನ್ನು ಕಳೆಯಿರಿ. ಆರ್‌ಟಿಸಿ ಸರಿಯಿದ್ದರೆ ಎರಡೂ ಸಮ, ಮೇಲೆ ಹೇಳಿದಂತೆ ಏನೂ ಬದಲಾಗುವುದಿಲ್ಲ.

ತಿದ್ದಿದ ಸಮಯವನ್ನು ಬೇರೆ ಹಾಳೆಯಲ್ಲಿ ಬರೆಯಿರಿ: ಮೂಲ ಸಾಲು, ಆಧಾರದ ಸಾಲು, ಕಳೆದ ಲೆಕ್ಕ, ಬಂದ ಉತ್ತರ. ಮೂಲ ಲಾಗ್ ಹಾಗೇ ಇರಲಿ. ತಿದ್ದಿದ ಲಾಗ್‌ಗೆ ಸಾಕ್ಷಿಯ ಬೆಲೆ ಇಲ್ಲ. ಲೆಕ್ಕ ತೋರಿಸಿದರೆ ಆ ಕೆಲಸಗಾರರೂ ಕೂತು ಪರಿಶೀಲಿಸಬಹುದು, ಅವರಿಗೆ ಆ ಹಕ್ಕಿದೆ. ರೆಕಾರ್ಡರಿನ ದೃಶ್ಯವೂ ನೆರವಿಗೆ ಬರುತ್ತದೆ, ಏಳು ನಿಮಿಷ ಕೂಡಿಸಿಕೊಂಡರೆ.

ಮತ್ತೆ ಆಗದಂತೆ

ಉಬುಂಟು 22.04ರ ಸಿಸ್‌ಲಾಗ್ ಫೈಲು ತಿಂಗಳು, ದಿನ, ಗಂಟೆ ಮಾತ್ರ ಬರೆಯುತ್ತದೆ. ಇಸವಿಯೂ ಇಲ್ಲ, ಟೈಮ್‌ಝೋನ್ ಕೂಡ ಇಲ್ಲ. ಈ ಗೊಂದಲ ಬೆಳೆಯಲು ಅದು ದೊಡ್ಡ ಕಾರಣ. /ಇಟಿಸಿ/ಆರ್‌ಸಿಸ್‌ಲಾಗ್.ಕಾನ್ಫ್ ಫೈಲಿನಲ್ಲಿ ‘ಟ್ರೆಡಿಷನಲ್‌ಫೈಲ್‌ಫಾರ್ಮ್ಯಾಟ್’ ಎಂದು ಕೊನೆಯಾಗುವ ಸಾಲಿನ ಶುರುವಿನಲ್ಲೇ ಹ್ಯಾಶ್ (#) ಹಾಕಿ, ಆರ್‌ಸಿಸ್‌ಲಾಗ್ ರೀಸ್ಟಾರ್ಟ್ ಮಾಡಿ. ಆಗಿನಿಂದ ಪ್ರತಿ ಸಾಲೂ ಇಸವಿಯಿಂದ ಶುರುವಾಗಿ +05:30 ಎಂಬ ಗುರುತಿನೊಂದಿಗೆ ಬೀಳುತ್ತದೆ. ಡೆಬಿಯನ್ 12ರಿಂದ ಇದೇ ರೂಢಿಯ ರೂಪ. ಲಾಗನ್ನು ಕಾಲಂ ಎಣಿಸಿ ಓದುವ ಸ್ಕ್ರಿಪ್ಟ್ ಇದ್ದರೆ ಎಚ್ಚರ: ಮೊದಲು ಮೂರು ಕಾಲಂ ಇದ್ದ ಸಮಯ ಈಗ ಒಂದೇ ಕಾಲಂ ಆಗುತ್ತದೆ. ಟೈಮ್‌ಝೋನ್ ಬದಲಿಸಿದ ದಿನ ಆರ್‌ಸಿಸ್‌ಲಾಗ್ ಮತ್ತು ಕ್ರಾನ್ ಎರಡನ್ನೂ ರೀಸ್ಟಾರ್ಟ್ ಮಾಡಿ, ಓಡುತ್ತಿರುವ ಪ್ರೋಗ್ರಾಂಗಳು ಹಳೆಯದನ್ನೇ ಹಿಡಿದು ಕೂರುವುದುಂಟು.

ಹಾಜರಾತಿ ಸಾಫ್ಟ್‌ವೇರ್ ಗಡಿಯಾರ ಸರಿಯಾಗುವ ತನಕ ಕಾಯುವಂತೆಯೂ ಮಾಡಬಹುದು. ‘ಸಿಸ್ಟಂಸಿಟಿಎಲ್ ಎನೇಬಲ್ ಕ್ರೋನಿ-ವೇಟ್’ ಕೊಟ್ಟು, ‘ಸಿಸ್ಟಂಸಿಟಿಎಲ್ ಎಡಿಟ್ ಡಾಕರ್’ನಲ್ಲಿ ಯೂನಿಟ್ ವಿಭಾಗದ ಕೆಳಗೆ ‘ಆಫ್ಟರ್=ಟೈಮ್-ಸಿಂಕ್.ಟಾರ್ಗೆಟ್’ ಸೇರಿಸಿ, ಇದರ ಮೊದಲ ಅಕ್ಷರ ಮಾತ್ರ ದೊಡ್ಡದು. ಅದು ಗರಿಷ್ಠ ಮೂರು ನಿಮಿಷ ಕಾಯುತ್ತದೆ, ಇಂಟರ್ನೆಟ್ ಬರದಿದ್ದರೂ ಆಮೇಲೆ ಡಾಕರ್ ಶುರುವಾಗುತ್ತದೆ. ಮೋಡೆಮ್ ಮತ್ತು ರೂಟರನ್ನು ಸರ್ವರಿನ ಯುಪಿಎಸ್‌ಗೇ ಸಿಕ್ಕಿಸಿದರೆ ಕಾಯುವ ಪ್ರಸಂಗವೇ ಕಡಿಮೆ.

ನಿಮ್ಮದು ನೋಂದಾಯಿತ ಕಂಪನಿಯಾಗಿದ್ದರೆ ಇನ್ನೊಂದು ವಿಷಯ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಎನ್‌ಟಿಪಿಗೆ, ಇಲ್ಲವೇ ಅವುಗಳಿಂದ ಸಮಯ ಪಡೆಯುವ ಸರ್ವರಿಗೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಮೇಲೆ ಹೇಳಿದ ಮೂರು ಸರ್ವರ್ ಹಾಕಿದರೆ ಮೊದಲನೆಯದು ಆಯಿತು. ಎರಡನೆಯದಕ್ಕೆ /ಇಟಿಸಿ/ಲಾಗ್‌ರೊಟೇಟ್.ಡಿ/ಆರ್‌ಸಿಸ್‌ಲಾಗ್ ತೆರೆಯಿರಿ. ಉಬುಂಟುವಿನಲ್ಲಿ ‘ವೀಕ್ಲಿ’, ‘ರೊಟೇಟ್ 4’ ಎಂದಿರುತ್ತದೆ, ಅಂದರೆ ನಾಲ್ಕೇ ವಾರ. ಅದನ್ನು 26 ಮಾಡಿ, 182 ದಿನ ಸಿಗುತ್ತದೆ. ಈ ತಕರಾರಿನ ಲಾಗ್ ಅಳಿಯುವ ಮೊದಲೇ ಈ ಒಂದು ಸಾಲನ್ನು ಇವತ್ತೇ ಬದಲಿಸಿ.

ಎಲ್ಲ ಮುಗಿದ ಮೇಲೆ ಪರೀಕ್ಷೆ ಹೀಗಿರಲಿ. ಭಾನುವಾರ ಕೆಲಸ ಇಲ್ಲದಾಗ ಯಂತ್ರವನ್ನು ವಿಂಡೋಸ್‌ಗೆ ಬೂಟ್ ಮಾಡಿ, ಗಡಿಯಾರ ಸರಿಯಾಗಿ ತೋರಿಸುವುದನ್ನು ನೋಡಿ, ಶಟ್‌ಡೌನ್ ಮಾಡಿ. ರೂಟರಿನ ಕೇಬಲ್ ಕಿತ್ತು ಉಬುಂಟು ಎಬ್ಬಿಸಿ. ಮೂರು ನಿಮಿಷ ಕಾದು ‘ಜರ್ನಲ್‌ಸಿಟಿಎಲ್ -ಬಿ -ಓ ಶಾರ್ಟ್-ಐಎಸ್‌ಒ’ದ ಮೊದಲ ಸಾಲು, ಕಂಟೇನರಿನೊಳಗಿನ ‘ಡೇಟ್’, ರೆಕಾರ್ಡರಿನ ಪರದೆ, ಈ ಮೂರನ್ನೂ ಫೋನಿನ ಗಡಿಯಾರಕ್ಕೆ ಹೋಲಿಸಿ. ಒಂದೆರಡು ಸೆಕೆಂಡಿನೊಳಗೆ ಇದ್ದರೆ ಸಾಕು. ಐದೂವರೆ ಗಂಟೆ ಮತ್ತೆ ಕಂಡರೆ ವಿಂಡೋಸ್‌ನ ರಿಜಿಸ್ಟ್ರಿ ಹೆಸರಿನ ಕಾಗುಣಿತ ನೋಡಿ, ಹೆಚ್ಚಾಗಿ ತಪ್ಪುವುದು ಅಲ್ಲೇ.